ಘಾಟ್ಕೋಪರಿನಿಂದ ಮುಂದೆ

ಐವತ್ತಮೂರನೆಯ ಇಸವಿಯ ಕೊನೆಗೆ ಶಂಕ್ರೆಪ್ಪನ ಆಫೀಸಿನಲ್ಲಿ ಒಂದು ಹೊಸ ನಿಯಮ ಬಂತು. ಉಳಿದಿರುವ ರಜೆಯನ್ನು ಡಿಸೆಂಬರ್ ಒಳಗೆ ಮುಗಿಸಬೇಕು, ಇಲ್ಲವಾದರೆ ಅದು ಹೋದಂತೆ. ಶಂಕ್ರೆಪ್ಪ ಫೋರ್ಟಿನ ಒಂದು ವಿಮಾ ಕಂಪನಿಯಲ್ಲಿ ಹಿರಿಯ ಗುಮಾಸ್ತ. ರಜೆ ಬೇಕೆಂದು ಅವನು ಯಾವತ್ತೂ ಕೇಳಿದವನಲ್ಲ. ಆದರೆ ತನ್ನದಾದದ್ದನ್ನು ಕಂಪನಿಗೆ ಬಿಟ್ಟುಕೊಡುವವನೂ ಅಲ್ಲ. ಊರಾದ ಬಿಜಾಪುರದ ಕಡೆ ಆ ವರ್ಷ ಮದುವೆಯಿರಲಿಲ್ಲ, ಸಾವಿರಲಿಲ್ಲ. ಇವೆರಡೂ ಇಲ್ಲದೆ ಊರಿಗೆ ಹೋದರೆ ಏನೋ ಆಗಿದೆಯೆಂದು ಅಲ್ಲಿಯವರು ಗಾಬರಿಯಾಗುತ್ತಾರೆ. ಒಬ್ಬಳೇ ಮಗಳು ಮದುವೆಯಾಗಿ ಬೆಳಗಾವಿಯಲ್ಲಿದ್ದಳು. ಅವಳೂ ದೀಪಾವಳಿಗೆ ಬಂದು ಹೋಗಿಯಾಗಿತ್ತು.

ಆಗ ಅವನಿಗೆ ಹಳೆಯ ಸಾಹೇಬ ನೆನಪಾದ. ಬಹಳ ವರ್ಷ ಅವನ ಮೇಲಧಿಕಾರಿಯಾಗಿದ್ದ ಆ ಬಿಳಿಯ ಮನುಷ್ಯ ರಜೆಗೆಂದು ತನ್ನ ದೇಶಕ್ಕೆ ಹೋದಾಗಲೆಲ್ಲ ಒಂದು ಕೋಲು, ಒಂದು ಚೀಲ ಹಿಡಿದು ಹಳ್ಳಿಯಿಂದ ಹಳ್ಳಿಗೆ ನಡೆಯುತ್ತಿದ್ದನಂತೆ. ದೇವರಿಗಾಗಿ ಅಲ್ಲ, ಕೆಲಸಕ್ಕಾಗಿಯೂ ಅಲ್ಲ. ‘ಅಲ್ಲಿ ಮುಟ್ಟಿದ ಮೇಲೆ ಏನು ಮಾಡುತ್ತೀರಿ?’ ಎಂದು ಶಂಕ್ರೆಪ್ಪ ಒಮ್ಮೆ ಕೇಳಿದ್ದ.

‘ವಾಪಸು ಬರುತ್ತೇವೆ.’

‘ನಡೆದು?’

‘ಇಲ್ಲ, ರೈಲಿನಲ್ಲಿ.’

ಸ್ವಾತಂತ್ರ್ಯ ಬಂದ ಮೇಲೆ ಸಾಹೇಬ ಹೊರಟುಹೋದ. ಈ ಉತ್ತರ ಮಾತ್ರ ಶಂಕ್ರೆಪ್ಪನಲ್ಲಿ ಉಳಿದುಬಿಟ್ಟಿತು.

ದಾದರಿನ ಚಾಳಿನಲ್ಲಿ ರಾತ್ರಿ ಊಟಕ್ಕೆ ಕೂತಾಗ ಅವನು ಹೆಂಡತಿಗೆ ವಿಷಯ ತಿಳಿಸಿದ. ಬಸಲಿಂಗವ್ವ ಎತ್ತರದ ಹೆಂಗಸು, ಮಾತು ಕಡಿಮೆ. ಚಾಳಿನಲ್ಲಿ ಅಟ್ಟದ ಮೇಲಿಂದ ಏನಾದರೂ ಇಳಿಸಬೇಕಾದರೆ, ನಲ್ಲಿಯ ಹತ್ತಿರ ಜಗಳವಾದರೆ, ಯಾರದಾದರೂ ಕೂಸಿಗೆ ಉಬ್ಬಸ ಬಂದರೆ ಅವಳನ್ನೇ ಕೂಗುತ್ತಿದ್ದರು. ಅವಳು ಹೋಗಿ ಕೆಲಸ ಮುಗಿಸಿ ಬರುತ್ತಿದ್ದಳು.

‘ನಾ ರಜಾದಾಗ ಮುಲುಂಡಿಗೆ ಹೋಗಾಂವ’ ಎಂದ ಶಂಕ್ರೆಪ್ಪ.

ಮುಲುಂಡಿನಲ್ಲಿ ಅವಳ ತಂಗಿ ಚನ್ನವ್ವ ಇದ್ದಳು. ‘ಚನ್ನವ್ವಗ ಆರಾಮ ಇಲ್ಲೇನು?’ ಎಂದಳು ಬಸಲಿಂಗವ್ವ.

‘ಆರಾಮ ಅದಾಳ. ನಾ ನಡಕೊಂತ ಹೋಗಾಂವ.’

‘ಲೋಕಲ್ ಬಂದ್ ಆಗ್ಯಾವೇನು?’

‘ಇಲ್ಲ. ಚೆಂಬೂರ ಮ್ಯಾಲೆ, ಪೊವಾಯಿ ಕೆರಿ ನೋಡಿ, ಗುಡ್ಡ ದಾಟಿ ಹೋಗೂದು. ಹಾದಿಯೊಳಗ ಒಂದು ವಸ್ತಿ.’

ಅವಳು ಇನ್ನೊಂದು ರೊಟ್ಟಿ ಹಾಕಿದಳು. ‘ಒಬ್ಬರೇ ಹೊಂಟರ ಮಂದಿ ಏನರೆ ಅಂದಾರು. ನಾನೂ ಬರತೀನಿ’ ಎಂದಳು. ಮಂದಿ ಏನನ್ನುತ್ತಾರೆ ಎಂಬ ಚಿಂತೆ ಇಬ್ಬರು ಹೊರಟರೂ ತಪ್ಪುವುದಿಲ್ಲ ಎಂದು ಶಂಕ್ರೆಪ್ಪನಿಗೆ ಅನ್ನಿಸಿತು. ಆದರೆ ಅವಳು ಆಗಲೇ ಕಡಕ್ ರೊಟ್ಟಿಗೆ ಎಷ್ಟು ಹಿಟ್ಟು ಬೇಕೆಂದು ಡಬ್ಬಿ ತೆಗೆದು ನೋಡುತ್ತಿದ್ದಳು.

ಚಾಳಿನವರು ಮೊದಲು ಅವನ ನೌಕರಿ ಹೋಗಿದೆ ಎಂದುಕೊಂಡರು. ನೌಕರಿ ಇದೆ ಎಂದು ತಿಳಿದ ಮೇಲೆ ಅವರಿಗೆ ಹೆಚ್ಚು ಕನಿಕರವಾಯಿತು.

ಅವರು ಹೊರಟದ್ದು ಒಂದು ಸೋಮವಾರ. ಶಂಕ್ರೆಪ್ಪ ಕ್ರಾಫರ್ಡ್ ಮಾರ್ಕೆಟ್ಟಿನಿಂದ ಸಾಹೇಬನ ಕಾಲಲ್ಲಿ ಕಂಡಂಥ ದಪ್ಪ ಬೂಟು ತಂದಿದ್ದ; ಜೊತೆಗೆ ಒಂದು ಬೆತ್ತದ ಕೋಲು. ಬಸಲಿಂಗವ್ವ ದಿನದ ಚಪ್ಪಲಿಯನ್ನೇ ಮೆಟ್ಟಿ ಗಂಟನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಅದರಲ್ಲಿ ರೊಟ್ಟಿ, ಶೇಂಗಾ ಚಟ್ನಿ, ಎರಡು ಹಾಸಿಗೆ ವಸ್ತ್ರ, ಪೂಜೆಯ ವಿಭೂತಿ ಇದ್ದವು. ಕಿಂಗ್ಸ್ ಸರ್ಕಲ್ಲಿನವರೆಗೆ ಟ್ರಾಮುಗಳು ಅವರನ್ನು ದಾಟಿ ಹೋಗುತ್ತಲೇ ಇದ್ದವು. ಗುರುತಿನ ಒಬ್ಬ ಕಂಡಕ್ಟರ್ ಕೈ ಬೀಸಿ ಕರೆದ. ಶಂಕ್ರೆಪ್ಪ ಬೇಡವೆಂದು ಕೈಯಾಡಿಸಿದ. ಕಂಡಕ್ಟರ್ ತಿರುವು ಮುಗಿಯುವ ತನಕ ಹೊರಗೆ ಬಾಗಿ ಅವನನ್ನೇ ನೋಡುತ್ತ ಹೋದ.

ಸಾಯನ್ ದಾಟುವಲ್ಲಿ ಪೊಲೀಸರು ನಿಂತಿದ್ದರು. ದಾರೂಬಂದಿಯ ಕಾಲ; ಕಳ್ಳ ಸಾರಾಯಿ ಹುಡುಕುತ್ತ ಚೀಲ, ಗಂಟು, ಹಾಲಿನ ಡಬ್ಬಿ ಯಾವುದನ್ನೂ ಬಿಡುತ್ತಿರಲಿಲ್ಲ. ಒಬ್ಬ ಹವಾಲ್ದಾರ ಗಂಟು ಬಿಚ್ಚಿಸಿದ. ಚಟ್ನಿಯನ್ನು ಮೂಸಿ ಸೀನಿದ. ಆಮೇಲೆ ಮರಾಠಿಯಲ್ಲಿ ಎಲ್ಲಿಗೆ ಹೊರಟಿದ್ದೀರಿ ಎಂದ.

‘ಇವತ್ತು ಚೆಂಬೂರು. ನಾಳೆ ಮುಲುಂಡ್’ ಎಂದ ಶಂಕ್ರೆಪ್ಪ.

‘ನಡೆದು? ಯಾಕೆ?’

‘ಸಹಜ’ ಎಂದ ಶಂಕ್ರೆಪ್ಪ. ಸುಮ್ಮನೆ ಎಂಬುದಕ್ಕೆ ಅವನಿಗೆ ಹೊಳೆದ ಮರಾಠಿ ಅದು.

ಹವಾಲ್ದಾರನಿಗೆ ಆ ಶಬ್ದ ಅರ್ಥವಾಗಲಿಲ್ಲವೆಂದಲ್ಲ. ತನ್ನ ಕೆಲಸದಲ್ಲಿ ಆ ಉತ್ತರವನ್ನು ಅವನು ಬಹಳ ಸಲ ಕೇಳಿದ್ದ. ಬೂಟು ಬಿಚ್ಚಲು ಹೇಳಿದ. ಬೂಟಿನೊಳಗೆ ಕಾಲ್ಚೀಲ ಬಿಟ್ಟರೆ ಏನೂ ಇರಲಿಲ್ಲವಾದ್ದರಿಂದ ಅವನ ಅನುಮಾನ ಇನ್ನೂ ಬಲವಾಯಿತು. ಕೋಲನ್ನು ತಟ್ಟಿ, ಒಳಗೆ ಪೊಳ್ಳಾಗಿದೆಯೇ ಎಂದು ಕಿವಿಗಿಟ್ಟು ಕೇಳಿದ. ಆಗ ಬಸಲಿಂಗವ್ವ, ‘ನವಸ್ ಆಹೇ’ ಎಂದಳು. ಹರಕೆ ಇದೆ ಎಂದರ್ಥ. ಹವಾಲ್ದಾರ ಕೂಡಲೇ ಕೈ ಮುಗಿದ. ಗಂಟನ್ನು ತಾನೇ ಕಟ್ಟಿಕೊಟ್ಟ.

ಸ್ವಲ್ಪ ದೂರ ಹೋದ ಮೇಲೆ ಶಂಕ್ರೆಪ್ಪ, ‘ಸುಳ್ಳ ಯಾಕ ಹೇಳಿದಿ?’ ಎಂದ.

‘ಖರೇ ನೀವು ಹೇಳಿದ್ರಲ್ಲ. ಏನಾತು?’ ಎಂದಳು ಅವಳು.

ಅಲ್ಲಿಂದ ಮುಂದೆ ಕಟ್ಟಡಗಳು ಮುಗಿದು ಜೌಗು ನೆಲ, ಉಪ್ಪಿನ ಮಡಿಗಳು ಶುರುವಾದವು. ಬೆಳ್ಳಕ್ಕಿಗಳು ಕೆಸರಲ್ಲಿ ನಿಂತಿದ್ದವು. ಗಾಳಿ ಬೀಸುತ್ತಿತ್ತು. ಶಂಕ್ರೆಪ್ಪ ಆಗಾಗ ನಿಂತು ಸುತ್ತಲೂ ನೋಡಿ ಸಾಹೇಬನಂತೆ ಉಸಿರು ಎಳೆದುಕೊಂಡ. ಮೀನು ಒಣಗಿಸಿದ ವಾಸನೆ ಬಂತು. ನಿಲ್ಲಲು ನಿಜವಾದ ಕಾರಣ ಬೂಟು. ಅದು ಹಿಮ್ಮಡಿಯನ್ನು ತಿನ್ನತೊಡಗಿತ್ತು. ಬಸಲಿಂಗವ್ವ ಮುಂದೆ ಹೋಗಿ ತಿರುಗಿ ನೋಡಿ ಕಾಯುತ್ತಿದ್ದಳು. ಮೊದಲು ಹತ್ತಿರದಲ್ಲಿ, ಆಮೇಲೆ ದೂರದಲ್ಲಿ.

ಚೆಂಬೂರಿನಲ್ಲಿ ಅವರು ಇಳಿದುಕೊಂಡದ್ದು ಮೋನಪ್ಪನ ಮನೆಯಲ್ಲಿ. ಉಡುಪಿ ಕಡೆಯವನು, ಮೊದಲು ದಾದರಿನಲ್ಲಿ ಶಂಕ್ರೆಪ್ಪ ದಿನಾ ಚಹಾ ಕುಡಿಯುತ್ತಿದ್ದ ಹೋಟೆಲಿನಲ್ಲಿದ್ದ. ಟ್ರಾಂಬೆಯಲ್ಲಿ ಎಣ್ಣೆ ಕಾರ್ಖಾನೆ ಕಟ್ಟಲು ತೊಡಗಿದ ಮೇಲೆ ಕೆಲಸಗಾರರಿಗಾಗಿ ಸ್ವಂತ ಕ್ಯಾಂಟೀನು ಹಾಕಿಕೊಂಡಿದ್ದ.

‘ಎಂಥ ಮಾರಾಯ್ರೇ, ರೈಲಿನ ಪಾಸು ಕಳೆದು ಹೋಯ್ತಾ?’ ಎಂದು ಅವನು ಸ್ವಾಗತಿಸಿದ. ವಿಷಯ ಪೂರ್ತಿ ಕೇಳಿದ ಮೇಲೆ, ‘ಅಲ್ಲ, ನಡೆಯುವ ಕಷ್ಟ ಬೇಡ ಅಂತಲೇ ಅಲ್ವಾ ನಾವೆಲ್ಲ ಊರು ಬಿಟ್ಟು ಇಲ್ಲಿ ಬಂದದ್ದು?’ ಎಂದ. ಶಂಕ್ರೆಪ್ಪ ಬೂಟಿನ ದಾರ ಬಿಚ್ಚಲು ಬಾಗಿದ.

ಬೂಟು ಬಿಚ್ಚಿದಾಗ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದು ಒಡೆದಿತ್ತು. ಮೋನಪ್ಪನ ಹೆಂಡತಿ ವಾರಿಜಾ ತೆಂಗಿನೆಣ್ಣೆಯಲ್ಲಿ ಅರಿಸಿನ ಕಲಸಿ ಕೊಟ್ಟು, ‘ಅಕ್ಕಾ, ನಿಮ್ಮ ಕಾಲು ತೋರಿಸಿ’ ಎಂದಳು. ಬಸಲಿಂಗವ್ವನ ಕಾಲಿಗೆ ಧೂಳು ಬಿಟ್ಟರೆ ಏನೂ ಆಗಿರಲಿಲ್ಲ. ಮೋನಪ್ಪ ಬೆಳಿಗ್ಗೆ ಘಾಟ್ಕೋಪರಿಗೆ ತರಕಾರಿಗೆ ಹೋಗುವ ಲಾರಿ ಇದೆ, ಕೂರಿಸುತ್ತೇನೆ ಎಂದ. ಮೊದಲ ದಿನ ಎಲ್ಲರಿಗೂ ಹೀಗೇ ಆಗುತ್ತದೆಂದು ಸಾಹೇಬ ಹೇಳಿದ್ದ ಎನ್ನುತ್ತ ಶಂಕ್ರೆಪ್ಪ ಲಾರಿಗೆ ಒಪ್ಪಲಿಲ್ಲ. ಎರಡನೆಯ ದಿನದ ಬಗ್ಗೆ ಸಾಹೇಬ ಏನು ಹೇಳಿದ್ದನೆಂದು ನೆನಪಿಸಿಕೊಳ್ಳಲು ಅವನು ಮಲಗಿಕೊಂಡು ಬಹಳ ಯತ್ನಿಸಿದ.

ಮರುದಿನ ಘಾಟ್ಕೋಪರ್ ಮುಟ್ಟುವಷ್ಟರಲ್ಲಿ ಅವನು ಕೋಲನ್ನು ಎರಡೂ ಕೈಯಲ್ಲಿ ಹಿಡಿದು ನಡೆಯುತ್ತಿದ್ದ. ಸ್ಟೇಷನ್ನಿನ ಹೊರಗೊಂದು ಕಲ್ಲಿನ ಕಟ್ಟೆ. ಅವನು ಅದರ ಮೇಲೆ ಕೂತ. ಮತ್ತೆ ಏಳುವುದು ಆಗದ ಮಾತು ಎಂದು ಕೂತ ಕೂಡಲೇ ಗೊತ್ತಾಯಿತು. ಮೇಲೆ ಲೋಕಲ್ ಒಂದು ಬಂದು ನಿಂತು ಹೋಯಿತು.

‘ಇಲ್ಲಿಗೆ ಸಾಕು. ಲೋಕಲ್ ಹಿಡಿಯೂಣು. ಉಳಿದದ್ದು ಬರೂ ವರ್ಷ’ ಎಂದ.

‘ಹೌದ್ರಿ, ನೀವು ಹೋಗ್ರಿ. ಈ ಕಾಲಿಲೆ ಆಗೂದಿಲ್ಲ’ ಎಂದಳು ಬಸಲಿಂಗವ್ವ. ‘ನಾ ಬರತೀನಿ.’

‘ಹ್ಯಾಂಗ ಬರತಿ?’

‘ನಡದ.’

ಶಂಕ್ರೆಪ್ಪ ಅವಳ ಮುಖ ನೋಡಿದ. ಅವಳು ಚೇಷ್ಟೆ ಮಾಡುವವಳಲ್ಲ.

‘ಹುಚ್ಚಿ ಏನ? ಒಬ್ಬಾಕೇ? ಗುಡ್ಡದಾಗ ಚಿರ್ಚಿ ಅದಾವಂತ. ಹಾದಿ ಗೊತ್ತಿಲ್ಲ. ಯಾರರೆ ಕೇಳಿದರ ಏನ ಹೇಳತಿ?’

‘ಹರಕಿ ಐತಿ ಅಂತೀನಿ.’

‘ಎದಕಬೇ ಇದೆಲ್ಲಾ?’

ಅವಳು ಗಂಟನ್ನು ಕಟ್ಟೆಯ ಮೇಲಿಟ್ಟು ಅವನ ಪಕ್ಕ ಕೂತಳು. ಆಮೇಲೆ, ‘ನಿನ್ನಿ ಮುಂಜಾನಿಂದ ನನ್ನ ಯಾರೂ ಕೂಗಿಲ್ರಿ’ ಎಂದಳು. ‘ಬಸಲಿಂಗವ್ವಾ ನಳ ಬಂತು, ಬಸಲಿಂಗವ್ವಾ ಹಾಲ ಬಂತು, ಬಸಲಿಂಗವ್ವಾ ಇಲ್ಲಿ ಬಾ. ಒಬ್ಬರೂ ಇಲ್ಲ. ಆ ಉಪ್ಪಿನ ಮಡಿ ಹತ್ತರ ಅದು ನನಗ ಗೊತ್ತಾತು. ಇನ್ನೊಂದು ದಿನ ಇರಲಿ ಅನಸತೈತಿ.’

ಶಂಕ್ರೆಪ್ಪನಿಗೆ ಚಿರತೆಯ ವಿಷಯ ಮತ್ತೆ ಎತ್ತಲಾಗಲಿಲ್ಲ. ತಾನೇ ದಿನಕ್ಕೆ ಎಷ್ಟು ಸಲ ಕೂಗುತ್ತೇನೆ ಎಂದು ಯೋಚಿಸಿದ. ಅದನ್ನು ಅಲ್ಲಿಗೇ ಬಿಟ್ಟ. ಅವಳು ರೊಟ್ಟಿಯಲ್ಲಿ ಅರ್ಧ ಅವನಿಗೆ ಕೊಟ್ಟು ಗಂಟು ಬಿಗಿದಳು. ಅವನು ಕೋಲನ್ನು ಚಾಚಿದ. ಅವಳು ತೆಗೆದುಕೊಂಡು, ‘ಸಂಜೀ ಅನ್ನೂದರಾಗ ಬರತೀನಿ. ಚನ್ನವ್ವಗ ಅಡಗಿ ಭಾಳ ಮಾಡಬ್ಯಾಡ ಅನ್ರಿ’ ಎಂದು ಹೇಳಿ ರಸ್ತೆ ದಾಟಿದಳು. ಪೊವಾಯಿಯ ಕಡೆ ಹೋಗುವ ಎತ್ತಿನ ಗಾಡಿಯೊಂದರ ಹಿಂದೆ ಅವಳ ಹಸಿರು ಸೀರೆ ಕಂಡಿತು. ಆಮೇಲೆ ಗಾಡಿಯೇ ಹಿಂದೆ ಬಿತ್ತು.

ಲೋಕಲ್ ಅವನನ್ನು ಎಲೆಯಡಿಕೆ ಮುಗಿಯುವ ಮೊದಲೇ ಮುಲುಂಡಿಗೆ ಮುಟ್ಟಿಸಿತು. ಇಷ್ಟು ಬೇಗ ಮುಟ್ಟಿಸುವ ಅಗತ್ಯವಿರಲಿಲ್ಲ ಎಂದು ಅವನಿಗೆ ಅನ್ನಿಸಿತು.

ಚನ್ನವ್ವ ಬಾಗಿಲಲ್ಲಿ ನಿಂತು ಅವನ ಹಿಂದೆ ಇಣುಕಿದಳು. ‘ಅಕ್ಕ ಎಲ್ಲಿ ಮಾಮಾ?’

‘ಬರಾಕತ್ತಾಳ.’

‘ಮುಂದಿನ ಲೋಕಲ್‌ಗೇನು?’

‘ಇಲ್ಲ, ನಡಕೊಂತ. ಘಾಟ್ಕೋಪರಿಂದ. ಗುಡ್ಡದ ಹಾದೀಲೆ.’

ಚನ್ನವ್ವ ಅವನಿಗೆ ನೀರು ಕೊಟ್ಟಳು. ಅವನು ಕುಡಿದು ಮುಗಿಸುವ ತನಕ ಕಾದು, ‘ಜಗಳಾಡೀರೇನು?’ ಎಂದಳು.

ಮಧ್ಯಾಹ್ನ ಅವಳ ಗಂಡ ಪರಪ್ಪ ಕಾರ್ಖಾನೆಯ ಪಾಳಿ ಮುಗಿಸಿ ಬಂದ. ಅವನೂ ಅದೇ ಪ್ರಶ್ನೆ ಕೇಳಿದ. ಪಕ್ಕದ ಮನೆಯವರು ಬಂದರು, ಆದರೆ ಏನೂ ಕೇಳಲಿಲ್ಲ. ಶಂಕ್ರೆಪ್ಪನ ಎದುರು ಕೂತು ಅವನ ಕಾಲಿನ ಬೊಬ್ಬೆ ನೋಡಿದರು. ಅವರು ಹೋದ ಮೇಲೆ ಗೋಡೆಯಾಚೆ ಮಾತು ಕೇಳಿಸಿತು. ಹೆಂಡತಿ ಇವರನ್ನು ಬಿಟ್ಟು ಹೋಗಿದ್ದಾಳೆಂದು ಒಬ್ಬರು; ಬೆನ್ನಟ್ಟಿಕೊಂಡು ಓಡಿದ್ದಕ್ಕೇ ಕಾಲು ಹೀಗಾಗಿದೆ ಎಂದು ಇನ್ನೊಬ್ಬರು. ಎರಡನೆಯದಕ್ಕೆ ಹೆಚ್ಚು ಒಪ್ಪಿಗೆ ಸಿಕ್ಕಿತು.

ಪರಪ್ಪ ಸೈಕಲ್ ತೆಗೆದುಕೊಂಡು ಭಾಂಡುಪಿನವರೆಗೆ ರಸ್ತೆ ನೋಡಿಕೊಂಡು ಬರುತ್ತೇನೆಂದು ಹೋದ. ಅವಳು ಆ ರಸ್ತೆಯಲ್ಲಿ ಬರುವುದಿಲ್ಲ ಎಂದು ಶಂಕ್ರೆಪ್ಪ ಹೇಳಿದ್ದನ್ನು ಅವನು ಕೇಳಿಸಿಕೊಳ್ಳಲಿಲ್ಲ. ಶಂಕ್ರೆಪ್ಪ ಉಪ್ಪು ಹಾಕಿದ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಅಂಗಳದಲ್ಲಿ ಕೂತ. ಅಲ್ಲಿಂದ ಗುಡ್ಡದ ಸಾಲು ಕಾಣುತ್ತಿತ್ತು. ಅಷ್ಟು ದೊಡ್ಡದಿದೆ ಎಂದು ದಾದರಿನಲ್ಲಿ ಕೂತಾಗ ಅವನಿಗೆ ತಿಳಿದಿರಲಿಲ್ಲ. ಅಲ್ಲಿ ಹಾದಿ ಕವಲೊಡೆದರೆ ಅವಳು ಯಾವುದನ್ನು ಹಿಡಿಯುತ್ತಾಳೆ ಎಂದು ಊಹಿಸಲು ನೋಡಿದ. ಅವನಿಗೆ ಗೊತ್ತಾಗಲಿಲ್ಲ. ಎರಡರಲ್ಲಿ ಒಂದನ್ನು ಅವಳು ಆರಿಸಿದ್ದನ್ನು ಅವನು ಇಷ್ಟು ವರ್ಷದಲ್ಲಿ ನೋಡಿಯೇ ಇರಲಿಲ್ಲ. ಸೀರೆಯನ್ನೂ ಅವನೇ ತರುತ್ತಿದ್ದ. ನೀರು ಆರಿತು. ಕಾಲು ತೆಗೆಯುವುದು ಅವನಿಗೆ ನೆನಪಾಗಲಿಲ್ಲ.

ಬಿಸಿಲು ಇಳಿಯಿತು. ಪರಪ್ಪ ಒಬ್ಬನೇ ವಾಪಸು ಬಂದ. ‘ಅಣ್ಣಾರ, ಪೊಲೀಸ್ ಸ್ಟೇಷನ್ನಿಗೆ ಹೋಗೂಣ್ರಿ’ ಎಂದ. ಪಕ್ಕದ ಮನೆಯ ಯಜಮಾನರು, ಹೋದ ತಿಂಗಳು ಕೆರೆಯ ಹತ್ತಿರ ಆಡು ಹೋಯಿತು, ಮೂಳೆ ಸಹ ಸಿಗಲಿಲ್ಲ ಎಂದರು. ಉಪಕಾರವಾಗಲಿ ಎಂದೇ ಹೇಳಿದ್ದು.

ಶಂಕ್ರೆಪ್ಪ ಎದ್ದ. ಬೂಟಿಗೆ ಕಾಲು ಹಾಕಲು ನೋಡಿದ, ಹೋಗಲಿಲ್ಲ. ಬರಿಗಾಲಲ್ಲೇ ಅಂಗಳ ದಾಟಿ ಗುಡ್ಡದ ಕಡೆ ನಡೆದ. ಪರಪ್ಪ ಕೂಗಿದ, ಅವನು ತಿರುಗಲಿಲ್ಲ. ಮನೆಗಳು ಮುಗಿದ ಮೇಲೆ ಹುಲ್ಲುಗಾವಲು, ಆಮೇಲೆ ಕಲ್ಲು. ಪ್ರತಿ ಹೆಜ್ಜೆಗೂ ಹಿಮ್ಮಡಿಯಲ್ಲಿ ಬೆಂಕಿ ಹತ್ತಿದಂತಾಗುತ್ತಿತ್ತು. ತಾಳೆಮರಗಳ ಒಂದು ಗುಂಪಿನ ಹತ್ತಿರ ಹಾದಿ ಮೇಲೇರತೊಡಗಿತು. ಅವನು ಹತ್ತತೊಡಗಿದ. ಅವಳ ಹೆಸರು ಹಿಡಿದು ಕೂಗಬೇಕೆಂದು ಬಾಯಿ ತೆರೆದ. ಅವಳು ಘಾಟ್ಕೋಪರಿನಲ್ಲಿ ಹೇಳಿದ ಮಾತು ನೆನಪಾಗಿ ಮುಚ್ಚಿದ.

ಮೊದಲು ಕೇಳಿಸಿದ್ದು ನಗು. ತಿರುವಿನಲ್ಲಿ ಹುಲ್ಲಿನ ಹೊರೆಗಳು ಒಂದರ ಹಿಂದೊಂದು ಇಳಿದು ಬಂದವು. ಅವುಗಳ ಕೆಳಗೆ ಕಾಡಿನ ಪಾಡಾಗಳ, ಎಂದರೆ ಅಲ್ಲಿನ ಪುಟ್ಟ ಹಳ್ಳಿಗಳ ಹೆಂಗಸರು. ಕೊನೆಯ ಹೊರೆ ಉಳಿದವುಗಳಿಗಿಂತ ಎತ್ತರದಲ್ಲಿತ್ತು. ಅದರ ಕೆಳಗೆ ಹಸಿರು ಸೀರೆ. ಬೆತ್ತದ ಕೋಲು ಬೇರೊಬ್ಬ ಹೆಂಗಸಿನ ಕೈಯಲ್ಲಿತ್ತು.

‘ಅಯ್ಯ, ಬರಿಗಾಲಿಲೆ ಇಲ್ಲಿತನಾ ಯಾಕ ಬಂದ್ರಿ?’ ಎಂದಳು ಬಸಲಿಂಗವ್ವ.

‘ಅಂಜಿಕಿ ಬಂತು’ ಎಂದ ಶಂಕ್ರೆಪ್ಪ. ಇಂಥ ಮಾತನ್ನು ಅವನು ಹಿಂದೆ ಹೇಳಿರಲಿಲ್ಲ. ಹೇಳಿದ ಮೇಲೆ ಅಲ್ಲೇ ಒಂದು ಕಲ್ಲಿನ ಮೇಲೆ ಕೂತ.

ಅವಳು ಹೊರೆ ಇಳಿಸದೆ ನಿಂತಳು. ‘ಈಕಿ ಬಸುರಿ ಅದಾಳ’ ಎಂದು ಕೋಲು ಹಿಡಿದವಳನ್ನು ತೋರಿಸಿದಳು. ‘ಅದಕ ಹೊರಿ ನಾ ಹೊತ್ತೆ. ಸಾವಕಾಶ ಬಂದ್ವಿ. ತಡ ಆತು.’ ಹೆಂಗಸರು ಅವನನ್ನು ನೋಡಿ ತಮ್ಮತಮ್ಮಲ್ಲೇ ಏನೋ ಹೇಳಿಕೊಂಡರು. ಬಸಲಿಂಗವ್ವ ನಕ್ಕಳು. ಏನೆಂದು ಅವನು ಕೇಳಿದ್ದಕ್ಕೆ, ‘ನಿಮಗ ಹೇಳೂವಂಥಾದ್ದಲ್ಲ’ ಎಂದಳು.

ಆ ರಾತ್ರಿ ಊಟಕ್ಕೆ ಕೂತಾಗ ಅವಳು ಕೇಳಿದಷ್ಟಕ್ಕೆ ಉತ್ತರ ಕೊಟ್ಟಳು. ಕೆರೆಯ ದಂಡೆಯಲ್ಲಿ ರೊಟ್ಟಿ ತಿಂದದ್ದು. ಕಾವಲುಗಾರನೊಬ್ಬ ಮುಂದೆ ಹಾದಿಯಿಲ್ಲ ಎಂದದ್ದು. ಹುಲ್ಲಿನವರು ಇದೆ ಎಂದದ್ದು. ಒಮ್ಮೆ ದಾರಿ ತಪ್ಪಿತ್ತಂತೆ. ಆಗ ಏನು ಮಾಡಿದೆ ಎಂದು ಚನ್ನವ್ವ ಕೇಳಿದಳು.

‘ಕುಂತೆ’ ಎಂದಳು. ‘ಗುಡ್ಡದ ನೆತ್ತಿ ಅದು. ಆ ಕಡೆ ಸಮುದ್ರ, ಈ ಕಡೆ ಖಾಡಿ ನೀರ. ಎರಡೂ ಕಡೆ ರೈಲು ಹೊಂಟಿದ್ದವು. ಸಪ್ಪಳ ಮಾತ್ರ ಒಂದೂ ಕೇಳಸಲಿಲ್ಲ. ಭಾಳ ಹೊತ್ತ ಕುಂತಿದ್ದೆ.’

ಗೋಡೆಯಾಚೆ ಪಕ್ಕದ ಮನೆಯವರೂ ಸದ್ದಿಲ್ಲದೆ ಕೇಳುತ್ತಿದ್ದರು.

ಬೆಳಿಗ್ಗೆ ಅವಳು ಪರಪ್ಪನನ್ನು ಕರೆದು ಠಾಣಾ ಊರು ಎಷ್ಟು ದೂರ, ಅಲ್ಲಿಂದ ಮುಂದೆ ಏನಿದೆ ಎಂದು ವಿಚಾರಿಸಿದಳು. ಘೋಡಬಂದರ್ ಇದೆ, ಅಲ್ಲಿ ಸಮುದ್ರ ನೆಲದೊಳಗೆ ಚಾಚಿದ ಖಾಡಿ ಅಡ್ಡ ಬರುತ್ತದೆ ಎಂದು ಅವನು ಹೇಳಿದ. ಶಂಕ್ರೆಪ್ಪನ ರಜೆ ಇನ್ನೂ ಉಳಿದಿತ್ತು. ಕಾಲು ಮಾತ್ರ ಉಳಿದಿರಲಿಲ್ಲ. ಎಲ್ಲರೂ ಅವನು ಬೇಡ ಎನ್ನುತ್ತಾನೆಂದು ಕಾದರು.

‘ನಾ ಬಸ್ಸಿಗೆ ಮುಂದ ಹೋಗಿರತೀನಿ’ ಎಂದ ಶಂಕ್ರೆಪ್ಪ. ‘ಗಂಟು ನನ್ನ ಕಡೆ ಕೊಡು. ನೀ ಬರಿಗೈಲೆ ಬಾ.’

ಠಾಣಾದಲ್ಲಿ ಒಂದು ಧರ್ಮಶಾಲೆ ಹುಡುಕಿ, ನೀರು ಕಾಯಿಸಲು ಹೇಳಿ, ಅವನು ಬಾಗಿಲಲ್ಲಿ ಕೂತ. ಯಾರ ದಾರಿ ಕಾಯುತ್ತಿದ್ದೀರಿ ಎಂದು ಕೇಳಿದವರಿಗೆ ಹೆಂಡತಿಯದು ಎಂದ. ಎಲ್ಲಿ ಹೋಗಿದ್ದಾರೆ ಎಂದವರಿಗೆ ಎಲ್ಲೂ ಹೋಗಿಲ್ಲ, ನಡೆಯುತ್ತಿದ್ದಾಳೆ ಎಂದ. ಮೊದಲೆರಡು ಸಲ ಇದನ್ನು ಹೇಳುವುದು ಕಷ್ಟವಾಯಿತು. ಆಮೇಲೆ ಅವನಿಗೆ ರೂಢಿಯಾಯಿತು, ಕೇಳದವರಿಗೂ ಹೇಳತೊಡಗಿದ.

ಅದರ ಮರುದಿನ ಘೋಡಬಂದರಿನಲ್ಲಿ ಅವಳು ಬರುವಷ್ಟರಲ್ಲಿ ಅವನು ಆಲದ ಮರದ ಕೆಳಗೆ ವಸ್ತ್ರ ಹಾಸಿ, ಅಂಗಡಿಯಿಂದ ಚಹಾ ತರಿಸಿ, ಆರದಿರಲೆಂದು ಬಟ್ಟಲಿನ ಮೇಲೆ ಬಸಿ ಮುಚ್ಚಿ ಇಟ್ಟಿದ್ದ. ಅವಳು ಮುಖ ತೊಳೆದು ಬಂದು ಚಹಾ ಕುಡಿದಳು. ಖಾಡಿಯ ನೀರು ಇಳಿತದಲ್ಲಿತ್ತು. ಆಚೆ ದಂಡೆಯಲ್ಲಿ ತೆಂಗಿನ ತಲೆಗಳು ಕಂಡವು.

‘ಅದು ಯಾವ ಊರ್ರಿ?’

‘ಆ ಕಡೆ ವಸಯಿ. ದೋಣಿ ಐತಿ. ಕೇಳಿ ಇಟ್ಟೀನಿ. ನೀರ ಏರಿದ ಮ್ಯಾಲ ಬಿಡತಾನಂತ.’

‘ದೋಣ್ಯಾಗ ನಾ ಯಾವತ್ತೂ ಕುಂತಿಲ್ಲ’ ಎಂದಳು ಬಸಲಿಂಗವ್ವ.

‘ನಾನೂ ಕುಂತಿಲ್ಲ.’

ನೀರು ಏರುವುದನ್ನು ನೋಡುತ್ತ ಅವರು ಕೂತರು. ದೋಣಿಯವನು ಕೈ ಮಾಡಿದಾಗ ಶಂಕ್ರೆಪ್ಪ ಗಂಟು ಎತ್ತಿಕೊಂಡು, ಅವಳ ಭುಜ ಹಿಡಿದು ನಿಧಾನವಾಗಿ ಕೆಸರಿಗಿಳಿದ.